ಗ್ರೂಪಿಗೆ ಹಾಕಿದ್ದೆನಲ್ಲ ಸಾರ್!

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಪರ್ಚೇಸು, ಡಿಸ್ಪ್ಯಾಚು ಎರಡನ್ನೂ ನೋಡಿಕೊಳ್ಳುತ್ತಿದ್ದ ಕಾಲದ ಮಾತು. ಒಂದು ಬೆಳಿಗ್ಗೆ ಇನ್ಸ್‌ಪೆಕ್ಷನ್ ಟೇಬಲ್ಲಿನ ಮೇಲೆ 260 ಗನ್‌ಮೆಟಲ್ ಬುಷ್‌ಗಳು ಸಾಲಾಗಿ ಕೂತಿದ್ದವು. ಮುಖ ನೋಡಿಕೊಳ್ಳಬಹುದು, ಅಂಥ ಫಿನಿಶಿಂಗ್. ಆದರೆ ಪ್ಲಗ್ ಗೇಜಿನ ‘ನೋ ಗೋ’ ತುದಿ, ಒಳಗೆ ಹೋಗಲೇಬಾರದ ತುದಿ, ಪ್ರತಿಯೊಂದರಲ್ಲೂ ಸಲೀಸಾಗಿ ಇಳಿಯುತ್ತಿತ್ತು. ಗಿರಾಕಿ ಕಂಪನಿಯವರು ಹಿಂದಿನ ದಿನವೇ ಡ್ರಾಯಿಂಗ್ ಬದಲಿಸಿ ಒಳವ್ಯಾಸವನ್ನು 32.2 ಮಿ.ಮೀ.ನಿಂದ 32ಕ್ಕೆ ಇಳಿಸಿದ್ದರು. ರಾತ್ರಿ ಪಾಳಿಯವರು ಹಳೆಯ ಅಳತೆಗೇ ಕೊರೆದಿದ್ದರು. ಚಿಕ್ಕ ತೂತನ್ನು ದೊಡ್ಡದು ಮಾಡಬಹುದು. ದೊಡ್ಡ ತೂತನ್ನು ಚಿಕ್ಕದು ಮಾಡಲು ಬ್ರಹ್ಮನಿಂದಲೂ ಆಗದು. ಅಷ್ಟೂ ಗುಜರಿಗೆ.

ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: “ಯಾರೂ ಹೇಳಲಿಲ್ವಾ?” ಮಾರ್ಕೆಟಿಂಗ್ ಹುಡುಗ ಫೋನ್ ತೆಗೆದು ತೋರಿಸಿದ. “ಗ್ರೂಪಿಗೆ ಹಾಕಿದ್ದೆನಲ್ಲ ಸಾರ್, ನಿನ್ನೆ ಸಂಜೆ ಆರೂ ಹತ್ತಕ್ಕೇ!” ನಿಜ, ಹಾಕಿದ್ದ. ಓದಿದವರ ಪಟ್ಟಿಯಲ್ಲಿ ಒಬ್ಬನನ್ನು ಬಿಟ್ಟು ಎಲ್ಲರ ಹೆಸರಿಗೂ ನೀಲಿ ಟಿಕ್ ಬಿದ್ದಿತ್ತು. ಹಗಲು ಪಾಳಿಯ ಸೂಪರ್‌ವೈಸರ್ ಕೆಳಗೊಂದು ಹೆಬ್ಬೆಟ್ಟಿನ ಚಿತ್ರವನ್ನೂ ಒತ್ತಿದ್ದರು. ನೋಡದೆ ಇದ್ದವನು ರಾತ್ರಿಯ ಆಪರೇಟರ್ ಒಬ್ಬನೇ. ಅವನು ನೋಡುವಂತೆಯೂ ಇರಲಿಲ್ಲ. ಮಷೀನ್ ಹತ್ತಿರ ಫೋನ್ ತರಬಾರದು, ಲಾಕರ್‌ನಲ್ಲಿಟ್ಟು ಬರಬೇಕು ಎಂಬ ಬೋರ್ಡನ್ನು ಯಜಮಾನರೇ ಗೋಡೆಗೆ ಹೊಡೆಸಿದ್ದರು.

ನಮ್ಮಲ್ಲಿ ಕಮ್ಯುನಿಕೇಷನ್ ಸರಿಯಿಲ್ಲ ಎಂದು ತೀರ್ಮಾನವಾಗಿ, ಮುಂದಿನ ಶನಿವಾರ ತರಬೇತಿ ಏರ್ಪಾಟಾಯಿತು. ಕೋಟು ಹಾಕಿಕೊಂಡು ಬಂದವರು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಹೇಗೆ, ಕೈ ಕುಲುಕುವುದು ಹೇಗೆ ಎಂದು ಕಲಿಸಿ, ಊಟ ಮುಗಿಸಿ ಹೋದರು. ಬುಷ್‌ನ ಮಾತನ್ನು ಯಾರೂ ಎತ್ತಲಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಪ್ಲಂಬರ್ ಮೊದಲು ತಡಕುವುದು ಜಾಯಿಂಟನ್ನು. ವ್ಯವಹಾರದ ಮಾತೂ ಸೋರುವುದು ಜಾಯಿಂಟಿನಲ್ಲೇ: ಪಾಳಿ ಬದಲಾಗುವಾಗ, ಮಾರ್ಕೆಟಿಂಗ್‌ನವರ ಕೈಯಿಂದ ಪ್ರೊಡಕ್ಷನ್‌ನವರ ಕೈಗೆ ಬರುವಾಗ, ನಮ್ಮ ಗೇಟು ದಾಟಿ ಗಿರಾಕಿಯ ಗೇಟು ಸೇರುವಾಗ. ಚಾಲ್ತಿಯಲ್ಲಿರುವ ತಪ್ಪು ಕಲ್ಪನೆಗಳೆಲ್ಲ ಬಾಯಿಯನ್ನು ದೂರುತ್ತವೆ, ಜಾಯಿಂಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಕಳಿಸಿಯಾಯಿತು ಎಂದರೆ ತಲುಪಿದಂತೆ.

ವಾಸ್ತವ: ನೀಲಿ ಟಿಕ್ ಹೇಳುವುದು ಆ ಸಂದೇಶ ಒಂದು ಫೋನಿನಲ್ಲಿ ತೆರೆದುಕೊಂಡಿತು ಎಂದಷ್ಟೇ. ಯಾರ ಕೈ ಆ ಕೆಲಸ ಮಾಡಬೇಕೋ ಆ ಕೈಗೆ ಅದು ಬಂತೇ, ಬಂದದ್ದು ಅರ್ಥವಾಯಿತೇ ಎಂಬುದು ಟಿಕ್ಕಿಗೆ ಗೊತ್ತಿಲ್ಲ. ಇನ್ನು ಆ ಹೆಬ್ಬೆಟ್ಟು. ನಮ್ಮ ಅಜ್ಜಂದಿರ ಕಾಲದಲ್ಲಿ ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ಒಳಗೆ ಏನು ಬರೆದಿದೆ ಎಂದು ಗೊತ್ತಿರುತ್ತಿರಲಿಲ್ಲ. ಈಗಿನ ಹೆಬ್ಬೆಟ್ಟೂ ಬಹುಪಾಲು ಅದೇ ಜಾತಿಯದು. ಓದಿ ಒಪ್ಪಿದೆ ಎಂದು ಒತ್ತುವವರಿಗಿಂತ, ಮೇಲಿನವರಿಗೆ ನಾನು ಕಾಣಿಸಲಿ ಎಂದು ಒತ್ತುವವರೇ ಹೆಚ್ಚು.

ಈ ರೋಗಕ್ಕೆ ಮದ್ದು ನಮ್ಮ ದೇಶದಲ್ಲೇ, ರೈಲ್ವೆಯಲ್ಲಿದೆ. ಲೆವೆಲ್ ಕ್ರಾಸಿಂಗ್‌ನಲ್ಲಿ ನಿಂತು ಬೇಸರದಿಂದ ಹಾರ್ನ್ ಹೊಡೆಯುವ ನಮಗೆ ಕಾಣದ ಒಂದು ಪದ್ಧತಿ ಅದು. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ಗೇಟು ಹಾಕಲು ಹೇಳುತ್ತಾರೆ. ಗೇಟ್‌ಮ್ಯಾನ್ “ಹಾಕಿದೆ ಸಾರ್” ಎಂದರೆ ಸಾಲದು. ಅವನ ಬಳಿ ಸಂಖ್ಯೆಗಳ ಒಂದು ಹಾಳೆ ಇರುತ್ತದೆ. ಗೇಟು ಹಾಕಿ, ಬೀಗ ಬಿದ್ದ ಮೇಲೆ ಆ ಹಾಳೆಯಿಂದ ಒಂದು ಸಂಖ್ಯೆ ಹೇಳಬೇಕು. ಪ್ರೈವೇಟ್ ನಂಬರ್ ಎನ್ನುತ್ತಾರೆ ಅದನ್ನು. ಮಾಸ್ಟರ್ ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ, ಗೇಟ್‌ಮ್ಯಾನ್ ತನ್ನ ಹಾಳೆಯಲ್ಲಿ ಹೊಡೆದುಹಾಕುತ್ತಾನೆ. ಎರಡು ಸ್ಟೇಷನ್ನುಗಳ ನಡುವೆಯೂ ಸುರಕ್ಷತೆಯ ಮಾತುಗಳಿಗೆ ಇದೇ ಕ್ರಮ. “ಹೂಂ”, “ಸರಿ”, “ಆಯ್ತು” ಎಂಬ ಪದಗಳ ಮೇಲೆ ಸಾವಿರ ಜನರ ಪ್ರಾಣ ಇಡಬಾರದು ಎಂದು ರೈಲ್ವೆಗೆ ಗೊತ್ತು. ‘ಸರಿ’ ಎನ್ನಲು ಕುರ್ಚಿಯಿಂದ ಏಳಬೇಕಿಲ್ಲ. ನಂಬರ್ ಕೊಡಬೇಕಾದರೆ ಎದ್ದು, ಗೇಟು ಹಾಕಿ, ಹಾಳೆ ತೆಗೆಯಬೇಕು. ನಿದ್ದೆಗಣ್ಣಿನ ‘ಆಯ್ತು’ ಆ ಹೆಜ್ಜೆಗಳಲ್ಲೇ ಬಯಲಾಗುತ್ತದೆ.

ಕನ್ನಡದ ‘ಹೂಂ’ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕತೆ ಕೇಳುವಾಗ ಹೂಂಗುಟ್ಟುವುದು ನಮ್ಮ ಅಭ್ಯಾಸ. ಹೂಂ ಎಂದರೆ ‘ನಿದ್ದೆ ಹೋಗಿಲ್ಲ, ಮುಂದೆ ಹೇಳು’ ಎಂದು. ವ್ಯವಹಾರದ ಫೋನಿನಲ್ಲೂ ನಾವು ಅದೇ ಹೂಂ ಹಾಕುತ್ತೇವೆ. ಆ ಕಡೆಯವರು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. “ಗುರುವಾರಕ್ಕೆ ಕೊಡ್ತೀರಲ್ಲ?” “ಹೂಂ...” ಅಷ್ಟೇ, ಗುರುವಾರ ಗೇಟಿನ ಮುಂದೆ ಟೆಂಪೋ ನಿಂತಿರುತ್ತದೆ.

ತಪ್ಪು ಕಲ್ಪನೆ: ಮಾತಿನಲ್ಲಿ ಪದಗಳ ಪಾಲು ಶೇ 7 ಮಾತ್ರ, ಉಳಿದದ್ದು ಧ್ವನಿ, ಹಾವಭಾವ.

ವಾಸ್ತವ: ಆ ಶನಿವಾರದ ಕೋಟಿನವರು ಬಿಳಿ ಬೋರ್ಡಿನ ಮೇಲೆ ಬರೆದ ಮೊದಲ ಸಾಲೇ ಇದು: 7, 38, 55. ಇಂಥ ತರಬೇತಿಗಳಲ್ಲಿ ಇದು ಗಣಪತಿ ಸ್ತುತಿಯ ಹಾಗೆ, ಮೊದಲು ಇದಾಗಬೇಕು. ಮೂಲ ಹುಡುಕಿಕೊಂಡು ಹೋದರೆ 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಜೊತೆಗಾರರು ಪ್ರಕಟಿಸಿದ ಎರಡು ಪ್ರಯೋಗಗಳು ಸಿಗುತ್ತವೆ. ಅಲ್ಲಿ ಭಾಷಣವೂ ಇಲ್ಲ, ಚೌಕಾಸಿಯೂ ಇಲ್ಲ. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರಿಗೆ ಎದುರಿನವರು ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಹೇಳಿದ್ದರು. ಪದ ಒಂದು ಹೇಳಿ ಧ್ವನಿ, ಮುಖ ಇನ್ನೊಂದು ಹೇಳಿದಾಗ ಜನ ಪದವನ್ನು ಬಿಟ್ಟು ಅವನ್ನೇ ನಂಬುತ್ತಾರೆ ಎಂಬುದು ಅದರ ಸಾರ. ಇಷ್ಟ–ಅನಿಷ್ಟದ ಮಾತಿಗೆ ಬಿಟ್ಟು ಬೇರೆಡೆ ಈ ಲೆಕ್ಕ ಹಿಡಿಯಬೇಡಿ ಎಂದು ಸ್ವತಃ ಮೆಹ್ರಾಬಿಯನ್ನರೇ ಹೇಳಿದ್ದಾರೆ. ಕೇಳಿದವರು ಕಡಿಮೆ.

ಪದಕ್ಕೆ ಏಳೇ ಪಾಲು ಎಂಬುದು ನಿಜವಾಗಿದ್ದರೆ ಜಪಾನಿನಿಂದ ಬಂದ ಗಿರಾಕಿಗೆ ದುಭಾಷಿಯನ್ನು ಕರೆಸುವ ಖರ್ಚು ಉಳಿಯುತ್ತಿತ್ತು, ನಕ್ಕು ಬಗ್ಗಿ ಕೈ ಆಡಿಸಿದ್ದರೆ ಸಾಕಿತ್ತು. 32.2 ಎಂಬುದನ್ನು 32 ಎಂದು ಯಾವ ಹಾವಭಾವದಲ್ಲಿ ತೋರಿಸುತ್ತೀರಿ? ನನ್ನ ಅನುಭವದಲ್ಲಿ ವ್ಯವಹಾರ ಕೆಟ್ಟಿದ್ದು ಅಂಕಿ, ತಾರೀಕು, ‘ಅಥವಾ’, ‘ಸೇರಿ’, ‘ಹೊರತುಪಡಿಸಿ’ ಎಂಬ ಪುಟ್ಟ ಪದಗಳಲ್ಲಿ. ‘ರೇಟು ಜಿಎಸ್‌ಟಿ ಸೇರಿ’ಯೋ ‘ಹೊರತುಪಡಿಸಿ’ಯೋ ಎಂಬ ಒಂದು ಪದಕ್ಕೆ ಶೇ 18ರ ಬೆಲೆ ಇದೆ.

ತಪ್ಪು ಕಲ್ಪನೆ: ಇಂಗ್ಲಿಷ್ ಬಂದರೆ ಕಮ್ಯುನಿಕೇಷನ್ ಬಂದಂತೆ.

ವಾಸ್ತವ: 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಕಕ್ಷೆ ಸೇರಬೇಕಿದ್ದ ನಾಸಾದ ನೌಕೆ, ಮಾರ್ಸ್ ಕ್ಲೈಮೇಟ್ ಆರ್ಬಿಟರ್, ತೀರಾ ಕೆಳಗೆ ಹಾದುಹೋಗಿ ನಾಶವಾಯಿತು. ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಾಫ್ಟ್‌ವೇರ್ ತಳ್ಳುಬಲದ ಲೆಕ್ಕವನ್ನು ಪೌಂಡ್ ಅಳತೆಯಲ್ಲಿ ಕೊಡುತ್ತಿತ್ತು. ಪಡೆದುಕೊಂಡ ನಾಸಾದವರು ಅದನ್ನು ನ್ಯೂಟನ್ ಎಂದೇ ಓದಿಕೊಂಡರು. ನಾಲ್ಕೂವರೆ ಪಟ್ಟಿನಷ್ಟು ವ್ಯತ್ಯಾಸ. ಎರಡೂ ಕಡೆಯವರ ಕೆಲಸದ ಭಾಷೆ ಇಂಗ್ಲಿಷ್, ಎರಡೂ ಕಡೆ ಘಟಾನುಘಟಿ ಎಂಜಿನಿಯರುಗಳು. ಮೆಟ್ರಿಕ್‌ನಲ್ಲೇ ಕೊಡಬೇಕೆಂದು ಕಾಗದದ ಮೇಲೆ ಬರೆದೂ ಇತ್ತು. ಭಾಷೆಯಲ್ಲಿ ಕೊರತೆಯಿರಲಿಲ್ಲ, ಸರಬರಾಜು ಮಾಡುವವರ ಕೈಯಿಂದ ಗಿರಾಕಿಯ ಕೈಗೆ ಅಂಕಿ ದಾಟಿದ ಜಾಗದಲ್ಲಿ ‘ಇದು ಯಾವ ಅಳತೆ?’ ಎಂದು ಕೇಳುವವರಿರಲಿಲ್ಲ.

ನಮ್ಮ ಶಾಪ್ ಫ್ಲೋರಿಗೆ ಬನ್ನಿ. ಸೂಪರ್‌ವೈಸರ್ ಮಂಡ್ಯ ಕಡೆಯವರು, ಆಪರೇಟರ್ ಒಡಿಶಾದವನು, ಹೆಲ್ಪರ್ ಬಿಹಾರದವನು, ಸ್ಟೋರ್ಸ್ ನೋಡುವವರು ಬಾಗಲಕೋಟೆಯವರು. ಎಲ್ಲರೂ ಕೂಡುವುದು ಹರುಕುಮುರುಕು ಹಿಂದಿಯಲ್ಲಿ. ಹಿಂದಿಯಲ್ಲಿ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ರಿಯಾಪದ ಬಂದ ಮೇಲೇ ಯಾವುದೆಂದು ತಿಳಿಯುವುದು. ನಮ್ಮ ಹಿಂದಿಗೆ ಕ್ರಿಯಾಪದ ಎಲ್ಲಿಂದ ಬರಬೇಕು? “ಕಲ್ ಕಾ ಮಾಲ್ ಪ್ಯಾಕಿಂಗ್!” ಎಂದು ಸೂಪರ್‌ವೈಸರ್ ಕೂಗಿದರು. ನಾಳೆ ಕಳಿಸಬೇಕಾದ ಮಾಲು ಎಂಬುದು ಅವರ ಮನಸ್ಸಿನಲ್ಲಿ. ನಿನ್ನೆ ತಯಾರಾದ ಮಾಲನ್ನು ಹೆಲ್ಪರ್ ಚಂದವಾಗಿ ಪ್ಯಾಕ್ ಮಾಡಿ ಟೇಪು ಸುತ್ತಿಟ್ಟ. ಅಂದಿನಿಂದ ತಾರೀಕಿನ ಅಂಕಿಯನ್ನೇ ಹೇಳಬೇಕು, ‘ಹದಿನಾಲ್ಕು ಕಾ ಮಾಲ್’ ಎನ್ನಬೇಕು ಎಂದು ನಿಯಮವಾಯಿತು. ವ್ಯಾಕರಣ ಕೇಳಿದವರು ನಗಬಹುದು. ಪ್ಯಾಕಿಂಗ್ ಮಾತ್ರ ಮತ್ತೆ ತಪ್ಪಲಿಲ್ಲ.

ತಪ್ಪು ಕಲ್ಪನೆ: “ನನ್ನ ಕ್ಯಾಬಿನ್ ಬಾಗಿಲು ಸದಾ ತೆರೆದಿರುತ್ತೆ, ತೊಂದರೆ ಇದ್ದರೆ ಬಂದು ಹೇಳ್ತಾರೆ.”

ವಾಸ್ತವ: ಬಾಗಿಲು ತೆರೆದಿರುತ್ತದೆ, ನಿಜ. ಒಳಗೆ ಕೂತವರ ಮುಖ ನೋಡಿಕೊಂಡು ಜನ ಹೊರಗಿನಿಂದಲೇ ವಾಪಸಾಗುತ್ತಾರೆ. ಆದೇಶ ಮೇಲಿಂದ ಕೆಳಗೆ ನೀರಿನ ಹಾಗೆ ಇಳಿಯುತ್ತದೆ, ಕೆಟ್ಟ ಸುದ್ದಿಯನ್ನು ಮಾತ್ರ ಕೆಳಗಿನಿಂದ ಮೇಲಕ್ಕೆ ಹೊತ್ತೇ ಸಾಗಿಸಬೇಕು. ಒಂದೊಂದು ಮೆಟ್ಟಿಲಲ್ಲೂ ಹೊರುವವನು ಸ್ವಲ್ಪ ಭಾರ ಇಳಿಸಿಕೊಳ್ಳುತ್ತಾನೆ. “ಮಷೀನ್ ಸ್ಪಿಂಡಲ್ ಹೋಗ್ತಾ ಇದೆ” ಎಂದು ಆಪರೇಟರ್ ಹೇಳಿದ್ದು, “ಸ್ವಲ್ಪ ಸೌಂಡ್ ಬರ್ತಿದೆ” ಎಂದು ಸೂಪರ್‌ವೈಸರ್ ಬಾಯಲ್ಲಾಗಿ, “ಸರ್ವೀಸ್ ಮಾಡಿಸಿದ್ರೆ ಒಳ್ಳೇದು ಸಾರ್” ಎಂದು ಮ್ಯಾನೇಜರ್ ಬಾಯಲ್ಲಾಗಿ ಯಜಮಾನರನ್ನು ಮುಟ್ಟುತ್ತದೆ. ಯಾರೂ ಸುಳ್ಳು ಹೇಳಿಲ್ಲ.

ಅದರ ಮೇಲೆ ನಮ್ಮ ಮರ್ಯಾದೆಯ ಭಾಷೆ. ಕನ್ನಡಿಗ ಎದುರಿಗೇ ‘ಆಗಲ್ಲ’ ಎನ್ನುವುದು ಅಪರೂಪ. ‘ನೋಡೋಣ ಸಾರ್’ ಎಂದರೆ ಆಗುವುದಿಲ್ಲ ಎಂದು. ‘ಟ್ರೈ ಮಾಡ್ತೀನಿ’ ಎಂದರೂ ಅದೇ. ‘ಮಾಡೋಣ ಬಿಡಿ’ ಎಂದರೆ ಈಗಲ್ಲ ಎಂದು. ‘ಆಗುತ್ತೆ’ ಎಂಬುದರಲ್ಲೂ ಯಾವಾಗ ಎಂಬುದು ದೇವರಿಗೇ ಗೊತ್ತು. ಊರೊಳಗೆ ಇದು ಎಲ್ಲರಿಗೂ ಅರ್ಥವಾಗುತ್ತದೆ. ಪುಣೆಯ ಗಿರಾಕಿಗೋ ಜರ್ಮನಿಯವರಿಗೋ ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಅವರು ಅಕ್ಷರಶಃ ನಂಬಿ ಕೂರುತ್ತಾರೆ, ಆಮೇಲೆ ನಾವು ಮೋಸಗಾರರಾಗುತ್ತೇವೆ.

ಕೆಟ್ಟ ಸುದ್ದಿ ಮೇಲೆ ಹತ್ತದೆ ಹೋದದ್ದಕ್ಕೆ ದೊಡ್ಡ ಬೆಲೆ ತೆತ್ತಿದ್ದು 1986ರ ಜನವರಿಯಲ್ಲಿ. ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ಟುಗಳನ್ನು ಮಾಡಿಕೊಟ್ಟದ್ದು ಮಾರ್ಟನ್ ಥಯೊಕಾಲ್ ಎಂಬ ಖಾಸಗಿ ಕಂಪನಿ. ಅದರ ಎಂಜಿನಿಯರ್ ರೋಜರ್ ಬೋಯ್ಸ್‌ಜೋಲಿ ರಾಕೆಟ್ಟಿನ ತುಂಡುಗಳ ಜಾಯಿಂಟಿನಲ್ಲಿರುವ ರಬ್ಬರ್ ರಿಂಗು ಕೈಕೊಡಬಹುದು, ಪ್ರಾಣಹಾನಿಯಾಗಬಹುದು ಎಂದು 1985ರ ಜುಲೈನಲ್ಲೇ ಮೇಲಿನವರಿಗೆ ಬರೆದಿದ್ದರು. ಉಡಾವಣೆಯ ಹಿಂದಿನ ರಾತ್ರಿ, ಜನವರಿ 27ರಂದು, ಥಯೊಕಾಲ್ ಮತ್ತು ನಾಸಾ ನಡುವೆ ಫೋನ್ ಸಭೆ ನಡೆಯಿತು. ಚಳಿ ವಿಪರೀತ ಇದೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಹಾರಿಸುವುದು ಬೇಡ ಎಂದು ಎಂಜಿನಿಯರುಗಳು ಹೇಳಿದರು. ಗಿರಾಕಿಯಾದ ನಾಸಾದವರಿಗೆ ಅದು ಹಿಡಿಸಲಿಲ್ಲ. ಐದು ನಿಮಿಷ ಕೊಡಿ ಎಂದು ಕಂಪನಿಯವರು ಲೈನು ಬಿಟ್ಟರು, ಅರ್ಧ ಗಂಟೆಯಾಯಿತು. ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೋ ಎಂಬರ್ಥದ ಮಾತನ್ನು ಹಿರಿಯ ಅಧಿಕಾರಿಯೊಬ್ಬರು ಆಡಿದ್ದು ಆಗಲೇ. ಲೈನಿಗೆ ಮರಳಿದಾಗ ಉತ್ತರ ‘ಹಾರಿಸಬಹುದು’ ಎಂದಾಗಿತ್ತು. ಮರುದಿನ ನೌಕೆ ಮೇಲೇರಿದ 73ನೇ ಸೆಕೆಂಡಿಗೆ ಒಡೆದು ಏಳು ಮಂದಿ ಸತ್ತರು. ಆ ರಾತ್ರಿ ಇಂಥದೊಂದು ಜಟಾಪಟಿ ನಡೆದಿತ್ತು ಎಂಬುದೇ ನಾಸಾದಲ್ಲಿ ಉಡಾವಣೆಗೆ ಅಂತಿಮ ಒಪ್ಪಿಗೆ ಕೊಡುವವರಿಗೆ ಗೊತ್ತಿರಲಿಲ್ಲ ಎಂದು ತನಿಖಾ ಆಯೋಗ ಕಂಡುಕೊಂಡಿತು. ಬಾಯಿ ಇದ್ದವರು ಹೇಳಿದ್ದರು, ಕೈಯಿದ್ದವರು ಬರೆದಿದ್ದರು. ಸೋರಿದ್ದು ಎರಡು ಜಾಯಿಂಟಿನಲ್ಲಿ: ಕಂಪನಿ–ಗಿರಾಕಿಯ ನಡುವೆ ಒಮ್ಮೆ, ಗಿರಾಕಿಯ ಒಳಗೇ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಒಮ್ಮೆ.

ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾ ಈ ವಿಷಯದಲ್ಲಿ ಬಾಗಿಲನ್ನು ನೆಚ್ಚಲಿಲ್ಲ. ಅದರ ಜಪಾನಿನ ಕಾರ್ಖಾನೆಗಳಲ್ಲಿ ಜೋಡಣೆಯ ಸಾಲಿನುದ್ದಕ್ಕೂ ಒಂದು ಹಗ್ಗ ಕಟ್ಟಿದರು. ಯಾವ ಕೆಲಸಗಾರನಾದರೂ ತಪ್ಪು ಕಂಡರೆ ಎಳೆಯಬಹುದಿತ್ತು. ದೀಪ ಹತ್ತುತ್ತಿತ್ತು, ಮೇಲ್ವಿಚಾರಕ ಅವನಿದ್ದಲ್ಲಿಗೇ ಬರುತ್ತಿದ್ದ, ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತಿತ್ತು. ಕೆಳಗಿನವನು ಮೆಟ್ಟಿಲು ಹತ್ತಬೇಕಿಲ್ಲ, ಮೇಲಿನವನು ಇಳಿದು ಬರಬೇಕು. ಹಗ್ಗದ ಬೆಲೆ ಏನು ಮಹಾ. ಎಳೆದವನನ್ನು ಬೈಯದೆ ಇರುವುದಕ್ಕೇ ದೊಡ್ಡ ಖರ್ಚು.

ತಪ್ಪು ಕಲ್ಪನೆ: ಎಲ್ಲರಿಗೂ ಎಲ್ಲವೂ ಗೊತ್ತಾಗಬೇಕು, ಎಲ್ಲರಿಗೂ ಸಿಸಿ ಹಾಕಿ, ಗೋಡೆ ಒಡೆಯಿರಿ.

ವಾಸ್ತವ: ಇದು ಬರೀ ಲೆಕ್ಕ. ಐದು ಜನರಿದ್ದರೆ ಇಬ್ಬಿಬ್ಬರ ನಡುವಿನ ದಾರಿ 10. ಹತ್ತು ಜನರಾದರೆ 45. ಐವತ್ತಾದರೆ 1,225. ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಯೋಜನೆ ನಡೆಸಿ ಸುಸ್ತಾಗಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಈ ಲೆಕ್ಕ ಇಟ್ಟುಕೊಂಡೇ, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ವಾದಿಸಿದರು. ಗೋಡೆ ಒಡೆದದ್ದರ ಕತೆಯೂ ಅಷ್ಟೇ. ಹಾರ್ವರ್ಡಿನ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಕಂಪನಿಗಳ ಕಚೇರಿಗಳು ಅಡ್ಡಗೋಡೆ ತೆಗೆದು ಬಯಲಾದ ಮೇಲೆ ಮುಖಾಮುಖಿ ಮಾತು ಸುಮಾರು ಶೇ 70ರಷ್ಟು ಇಳಿಯಿತು. ಜನ ಮಾತಿನ ಬದಲು ಇಮೇಲ್ ಮಾಡತೊಡಗಿದರು. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹಾರ್ವರ್ಡ್ ಹೇಳಬೇಕಿರಲಿಲ್ಲ.

ತಪ್ಪು ಕಲ್ಪನೆ: ಗಾಳಿಸುದ್ದಿ ಹಬ್ಬಿಸುವವರು ಎಲ್ಲರೂ, ಅದನ್ನು ಹೊಸಕಿ ಹಾಕಬೇಕು.

ವಾಸ್ತವ: ಅಮೆರಿಕದ ಕೀತ್ ಡೇವಿಸ್ 1953ರಲ್ಲಿ ಒಂದು ಕಂಪನಿಯ ಗಾಳಿಸುದ್ದಿಯ ಹಾದಿಯನ್ನು ಬೆನ್ನಟ್ಟಿ ಬರೆದರು. ಅಧಿಕಾರಿಯೊಬ್ಬರು ರಾಜೀನಾಮೆ ಕೊಡುತ್ತಾರೆಂಬ ಸುದ್ದಿ ಶೇ 81ರಷ್ಟು ಅಧಿಕಾರಿಗಳಿಗೆ ಗೊತ್ತಿತ್ತು, ಹಬ್ಬಿಸಿದವರು ಶೇ 11 ಮಾತ್ರ. ಪ್ರತಿ ಕಾರ್ಖಾನೆಯ ಗೇಟಿನೆದುರು ಒಂದು ಟೀ ಅಂಗಡಿ ಇರುತ್ತದೆ. ಬೋನಸ್ ಎಷ್ಟು, ಯಾವ ಆರ್ಡರ್ ಕೈತಪ್ಪಿತು ಎಂಬುದು ಅಲ್ಲಿ ನೋಟಿಸ್ ಬೋರ್ಡಿಗಿಂತ ಎರಡು ದಿನ ಮುಂಚೆ ಸಿಗುತ್ತದೆ, ಬಹಳ ಸಲ ಸರಿಯಾಗಿಯೇ. ಯಜಮಾನರು ಬಾಯಿ ಮುಚ್ಚಿಸಲು ಹೋಗಿ ಹೆಸರು ಕೆಡಿಸಿಕೊಳ್ಳುವ ಬದಲು ದಿನಕ್ಕೊಮ್ಮೆ ಅಲ್ಲಿ ಟೀ ಕುಡಿಯುವುದು ಲೇಸು. ಅಲ್ಲಿ ಏನು ಮಾತಾಡುತ್ತಾರೆ ಎಂಬುದು ನೀವು ಏನನ್ನು ಹೇಳದೆ ಬಚ್ಚಿಟ್ಟಿದ್ದೀರಿ ಎಂಬುದರ ಪಟ್ಟಿ.

ತಪ್ಪು ಕಲ್ಪನೆ: ಹೊರಗಿನವರ ಜೊತೆ ಸಂವಹನ ಎಂದರೆ ಜಾಹೀರಾತು ಮತ್ತು ಪತ್ರಿಕಾಗೋಷ್ಠಿ.

ವಾಸ್ತವ: 2015ರ ಮ್ಯಾಗಿ ನೂಡಲ್ಸ್ ಪ್ರಕರಣ ನೆನಪಿಸಿಕೊಳ್ಳಿ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಒಂದು ಮಾದರಿಯಿಂದ ಎದ್ದ ಗದ್ದಲ ಅದು. ಮಿತಿ 2.5 ಪಿಪಿಎಂ ಇದ್ದಲ್ಲಿ 17.2ರಷ್ಟು ಸೀಸ ಇದೆ ಎಂದು ಕೋಲ್ಕತ್ತದ ಪ್ರಯೋಗಾಲಯ ವರದಿ ಕೊಟ್ಟಿತು. ಜೊತೆಗೆ ಪ್ಯಾಕೆಟ್ಟಿನ ಮೇಲೆ ‘ಎಂಎಸ್‌ಜಿ ಸೇರಿಸಿಲ್ಲ’ ಎಂದಿದ್ದರೂ ಪರೀಕ್ಷೆಯಲ್ಲಿ ರುಚಿ ಹೆಚ್ಚಿಸುವ ಆ ಎಂಎಸ್‌ಜಿ ಕಂಡಿತ್ತು. ನನಗೆ ಕುತೂಹಲ ಹುಟ್ಟಿಸಿದ್ದು ಆ ಪ್ಯಾಕೆಟ್ಟಿನ ಪದ. ಬರೆದವರ ಅರ್ಥ: ನಾವಾಗಿ ಹಾಕಿಲ್ಲ, ಪದಾರ್ಥಗಳಲ್ಲಿ ಸಹಜವಾಗಿ ಇರುವ ಗ್ಲುಟಮೇಟ್ ಬೇರೆ ವಿಚಾರ. ಓದಿದ ತಾಯಂದಿರ ಅರ್ಥ: ಇದರಲ್ಲಿ ಎಂಎಸ್‌ಜಿ ಇಲ್ಲ. ‘ಸೇರಿಸಿಲ್ಲ’ ಮತ್ತು ‘ಇಲ್ಲ’ ನಡುವಿನ ಕೂದಲೆಳೆ ಅಂತರ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಅಡುಗೆಮನೆಗಳಲ್ಲಿ ಕೂತಿತ್ತು.

ಮ್ಯಾಗಿ ಸುರಕ್ಷಿತ ಎಂದು ಅದನ್ನು ಮಾಡುವ ನೆಸ್ಲೆ ಕಂಪನಿ ಹೇಳುತ್ತಲೇ ಇತ್ತು. ಜೂನ್ 5ರಂದು ನೆಸ್ಲೆಯ ಜಾಗತಿಕ ಮುಖ್ಯಸ್ಥ ಪಾಲ್ ಬುಲ್ಕೆ ದೆಹಲಿಗೆ ಬಂದು ಪತ್ರಿಕಾಗೋಷ್ಠಿ ಮಾಡಿದರು. ಅಷ್ಟರಲ್ಲಿ ಮಾಲು ಹಿಂದೆ ಪಡೆಯುವ ತೀರ್ಮಾನವಾಗಿತ್ತು, ಅದೇ ದಿನ ಆಹಾರ ಸುರಕ್ಷತಾ ಪ್ರಾಧಿಕಾರದ ನಿಷೇಧವೂ ಬಂತು. ಸಾವಿರಾರು ಟನ್ ನೂಡಲ್ಸ್ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಬಿತ್ತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ಕೊಟ್ಟ ಕಾರಣಗಳಲ್ಲಿ ಒಂದು, ಕಂಪನಿಯ ಮಾತು ಕೇಳದೆ ನಿಷೇಧಿಸಿದ್ದು. ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳ ಮರುಪರೀಕ್ಷೆಯಲ್ಲಿ ಸೀಸ ಮಿತಿಯೊಳಗಿತ್ತು. ನಮ್ಮ ನಂಜನಗೂಡಿನ ಕಾರ್ಖಾನೆಯೂ ಸೇರಿದಂತೆ ಮೂರು ಕಡೆ ಉತ್ಪಾದನೆ ಮತ್ತೆ ಶುರುವಾಗಿ, ನವೆಂಬರ್ 9ರಂದು ಮ್ಯಾಗಿ ಅಂಗಡಿಗೆ ಮರಳಿತು. ಕಂಪನಿ ಗೆದ್ದಿತು ಎನ್ನಬಹುದು. ಆದರೆ ಐದು ತಿಂಗಳು ಕಪಾಟು ಖಾಲಿ ಇದ್ದದ್ದು ಯಾವ ಜಾಹೀರಾತಿನ ಕೊರತೆಯಿಂದಲೂ ಅಲ್ಲ.

ಇದರ ಪಕ್ಕದಲ್ಲಿ ಹಳ್ಳಿಯ ಹಾಲಿನ ಡೈರಿಯನ್ನಿಟ್ಟು ನೋಡಿ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ನಿಂತ ಹೆಂಗಸಿಗೆ ಬೇಕಾದ ಸಂವಹನ ಎಂದರೆ ಎರಡು ಅಂಕಿ, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಬಂತು. ಅದರ ಮೇಲೇ ಅವಳ ಬಟವಾಡೆ. ಅಂಕಿ ತೋರಿಸುವ ಪರದೆ ಕಾರ್ಯದರ್ಶಿಯ ಕಡೆಗೆ ತಿರುಗಿರುವ ಡೈರಿಯಲ್ಲಿ ಜಗಳ, ಹಾಲು ಹಾಕುವವರ ಕಡೆಗೆ ತಿರುಗಿರುವ ಡೈರಿಯಲ್ಲಿ ನೆಮ್ಮದಿ. ಒಂದೇ ಯಂತ್ರ, ಒಂದೇ ಹಾಲು.

ತಪ್ಪು ಕಲ್ಪನೆ: ಬಾಯಿಮಾತಿಗೆ ಬೆಲೆ ಇಲ್ಲ, ಸುಮ್ಮನಿದ್ದರೆ ಅಪಾಯ ಇಲ್ಲ.

ವಾಸ್ತವ: ಎರಡೂ ತಪ್ಪು. 1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಾಮಾನ್ಯವಾಗಿ ಒಪ್ಪಂದವೇ. ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಫೋನಿನಲ್ಲಿ ಆದ ವ್ಯಾಪಾರ ಎಲ್ಲಿ ಆಯಿತು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಹಮದಾಬಾದಿನ ವ್ಯಾಪಾರಿಗಳು, ಖಾಮಗಾಂವದ ಎಣ್ಣೆ ಗಿರಣಿಯವರು, ನಡುವೆ ಹತ್ತಿಬೀಜದ ಹಿಂಡಿ, 1959ರ ಒಂದು ಫೋನ್ ಮಾತು. ಕೊಡುತ್ತೇವೆಂದ ಹಿಂಡಿ ಬರಲಿಲ್ಲ ಎಂದು ದಾವೆ. ಒಪ್ಪಿಗೆಯ ಮಾತು ಕಿವಿಗೆ ಬಿದ್ದ ಅಹಮದಾಬಾದಿನಲ್ಲೇ ಕರಾರು ಹುಟ್ಟಿತು ಎಂದು 1965ರಲ್ಲಿ ಬಹುಮತದ ತೀರ್ಪು ಬಂತು. ಮಾತು ಆಡಿದ ಖಾಮಗಾಂವದಲ್ಲೇ ಹುಟ್ಟಿತು ಎಂದು ನ್ಯಾಯಮೂರ್ತಿ ಹಿದಾಯತುಲ್ಲಾ ಭಿನ್ನಮತ ಬರೆದರು. ಅಂಚೆಗೆ ಹಾಕಿದ ಒಪ್ಪಿಗೆ ಪತ್ರಕ್ಕೆ ಬೇರೆ ನಿಯಮ: ಅದು ಡಬ್ಬಕ್ಕೆ ಬಿದ್ದ ಕ್ಷಣವೇ ಪ್ರಸ್ತಾಪ ಮಾಡಿದವನನ್ನು ಕಟ್ಟಿಹಾಕುತ್ತದೆ. ನಮ್ಮ ಮಾರ್ಕೆಟಿಂಗ್ ಹುಡುಗ ಇದನ್ನು ಓದಿದ್ದರೆ ಅಂಚೆಯ ಪರವಾಗಿಯೇ ವಾದಿಸುತ್ತಿದ್ದ.

ಸುಮ್ಮನಿರುವುದರ ಬೆಲೆಯೂ ಕಾನೂನಿನಲ್ಲಿದೆ. ಸಣ್ಣ ಕೈಗಾರಿಕೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಹೀಗೆನ್ನುತ್ತದೆ: ಮಾಲು ತಲುಪಿದ 15 ದಿನಗಳೊಳಗೆ ಕೊಂಡವನು ಲಿಖಿತವಾಗಿ ತಕರಾರು ಮಾಡದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ಹಾಗೆ. ಕರಾರಿನಲ್ಲಿ ಏನೇ ಬರೆದಿದ್ದರೂ ಹಣ 45 ದಿನ ದಾಟುವಂತಿಲ್ಲ. ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. “ಮಾಲು ಸರಿಯಿಲ್ಲ ಅಂತ ಫೋನಲ್ಲಿ ಹೇಳಿದ್ವಲ್ಲ” ಎನ್ನುವ ದೊಡ್ಡ ಕಂಪನಿಯ ಅಕೌಂಟ್ಸ್‌ನವರಿಗೆ ಇಲ್ಲಿ ಫೋನು ಉಪಯೋಗಕ್ಕೆ ಬರುವುದಿಲ್ಲ, ಬರೆದಿರಬೇಕು. ಇಷ್ಟು ಒಳ್ಳೆಯ ಕಾಯ್ದೆ ಇದ್ದೂ ಪೀಣ್ಯದಲ್ಲಿ ಬಿಲ್ಲುಗಳು ತಿಂಗಳುಗಟ್ಟಲೆ ಕೊಳೆಯುತ್ತವೆ. ಗಿರಾಕಿಯ ಮೇಲೆ ಕಾಯ್ದೆ ಹಿಡಿದು ಹೋದರೆ ಮುಂದಿನ ಆರ್ಡರ್ ಬರುವುದಿಲ್ಲ ಎಂಬ ಭಯ. ಅಲ್ಲೂ ‘ನೋಡೋಣ ಸಾರ್’.

ಬುಷ್‌ಗಳ ನಷ್ಟ ನಮ್ಮ ತಲೆಗೇ ಬಂತು. ಯಜಮಾನರು ತರಬೇತಿಯ ಗೊಡವೆ ಬಿಟ್ಟು ಹತ್ತಿರದ ಸ್ಟೇಷನರಿ ಅಂಗಡಿಯಿಂದ ಒಂದು ದಪ್ಪ ರಿಜಿಸ್ಟರ್ ತರಿಸಿದರು. ಪಾಳಿ ಬದಲಾಗುವಾಗ ಬಿಟ್ಟು ಹೋಗುವವರಲ್ಲ, ಬಂದವರು ತಾವು ಏನು ಕೇಳಿಸಿಕೊಂಡೆವು ಎಂಬುದನ್ನು ಅದರಲ್ಲಿ ಬರೆಯಬೇಕು, ಯಾವ ಭಾಷೆಯಲ್ಲಾದರೂ. ಮೊದಲ ವಾರ ತೆರೆದು ನೋಡಿದರೆ ಒಂದು ಪುಟದಲ್ಲಿ ದುಂಡಗಿನ ಒಡಿಯಾ ಅಕ್ಷರಗಳ ಒಂದೇ ಸಾಲಿತ್ತು.

“ಏನ್ರೀ ಇದು?”

“ಹಳೇ ಡ್ರಾಯಿಂಗ್ ಹರಿದು ಡಬ್ಬಕ್ಕೆ ಹಾಕಿದೆ ಅಂತ ಬರೆದಿದ್ದಾನೆ ಸಾರ್,” ಎಂದರು ಸೂಪರ್‌ವೈಸರ್.

“ಹರಿದಿದ್ದನ್ನ ನೀವು ನೋಡಿದ್ರಾ?”

ಸೂಪರ್‌ವೈಸರ್ ಡಬ್ಬ ತರಲು ಹೋದರು.